ಸರಾಸರಿ ಕಳೆದರೂ ಗ್ರಾಫ್ ಸೊನ್ನೆಯ ಸುತ್ತ ಬರ್ತಿಲ್ಲ, ಯಾಕೆ?

ಕೆಆರ್‌ಎಸ್‌ನ ನೀರಿನ ಮಟ್ಟ ಒಂದು ಕಾಲಂ, ಒಳಹರಿವು ಇನ್ನೊಂದು ಕಾಲಂ. ಸರಾಸರಿ ಕಳೆದರೂ ಒಂದು ಗೆರೆ ಸೊನ್ನೆಗಿಂತ ಎಷ್ಟೋ ಕೆಳಗೆ, ಇನ್ನೊಂದು ಎಷ್ಟೋ ಮೇಲೆ ಅಂತ ಕೇಳಿದ್ದೀರಿ. ತೊಂದರೆ ಇರೋದು ನಿಮ್ಮ ಪೈಥಾನ್ ಕೋಡ್‌ನಲ್ಲಿ ಮೀನ್ (mean, ಅಂದರೆ ಸರಾಸರಿ) ತೆಗೆದ ಆ ಒಂದು ಸಾಲಿನಲ್ಲಿ.

ಪೈಥಾನ್‌ನಲ್ಲಿ ಅಂಕಿಗಳ ಲೆಕ್ಕಕ್ಕೆ ಬಳಸೋ ನಮ್‌ಪೈನಲ್ಲಿ (NumPy) ಆಕ್ಸಿಸ್, ಅಂದರೆ ಯಾವ ದಿಕ್ಕಿನಲ್ಲಿ ಲೆಕ್ಕ ಹಾಕಬೇಕು ಅಂತ, ಹೇಳದೆ ಮೀನ್ ಕೇಳಿದರೆ ಇಡೀ ಟೇಬಲ್‌ಗೆ ಒಂದೇ ಸರಾಸರಿ ಬರುತ್ತೆ. ಮಟ್ಟ 110 ಅಡಿ, ಒಳಹರಿವು 10,000 ಕ್ಯುಸೆಕ್ ಅಂತಿಟ್ಟುಕೊಳ್ಳಿ. ಎರಡರ ಸರಾಸರಿ 5,055. ಅಡಿಗೆ ಕ್ಯುಸೆಕ್ ಕೂಡಿಸಿದ ಈ ಸಂಖ್ಯೆಗೆ ಅರ್ಥವೇ ಇಲ್ಲ ಅಲ್ವಾ? ಅದನ್ನು ಕಳೆದರೆ ಮಟ್ಟ ಮೈನಸ್ 4,945ಕ್ಕೆ ಇಳಿಯುತ್ತೆ, ಒಳಹರಿವು ಪ್ಲಸ್ 4,945ರಲ್ಲಿ ನಿಲ್ಲುತ್ತೆ. ನಿಮ್ಮ ಗ್ರಾಫ್‌ನಲ್ಲಿ ಆಗಿರೋದು ಇದೇ. ಮೀನ್‌ನ ಬ್ರಾಕೆಟ್ ಒಳಗೆ ಆಕ್ಸಿಸ್ ಈಕ್ವಲ್ ಟು 0 (axis=0) ಅಂತ ಹಾಕಿ, ಆಗ ಪ್ರತಿ ಕಾಲಂಗೂ ಅದರದ್ದೇ ಸರಾಸರಿ ಸಿಗುತ್ತೆ, ಅದನ್ನು ಟೇಬಲ್‌ನಿಂದ ನೇರ ಕಳೆದರೆ ಸಾಕು, ಸುಮ್ನೆ ಲೂಪ್ ಬರೆಯೋದು ಬೇಡ. ಟೇಬಲ್‌ಗಳಿಗೆಂದೇ ಇರೋ ಪಾಂಡಾಸ್ (pandas) ಬಳಸಿದರೆ, ಅದರ ಟೇಬಲ್ ಆದ ಡೇಟಾಫ್ರೇಮ್‌ನಲ್ಲಿ ಮೀನ್ ತಾನಾಗೇ ಕಾಲಂ ಪ್ರಕಾರ ಬರುತ್ತೆ. ಕೆಲವು ದಿನದ ಅಂಕಿ ಖಾಲಿ ಇದ್ದರೆ ನಮ್‌ಪೈನಲ್ಲಿ ನ್ಯಾನ್‌ಮೀನ್ (nanmean) ಬಳಸಿ, ಅದು ಖಾಲಿ ಜಾಗ ಬಿಟ್ಟು ಸರಾಸರಿ ತೆಗೆಯುತ್ತೆ.

ಕಳೆದಾದ ಮೇಲೆ ಮತ್ತೆ ಮೀನ್ ಪ್ರಿಂಟ್ ಮಾಡಿ ನೋಡಿ. ಸರಿಯಾಗಿ ಸೊನ್ನೆ ಬರದೆ ತೀರಾ ಚಿಕ್ಕ ಸಂಖ್ಯೆ ಬಂದರೆ ಗಾಬರಿ ಬೇಡ, ದಶಮಾಂಶದ ಲೆಕ್ಕದಲ್ಲಿ ಕಂಪ್ಯೂಟರ್ ಅಷ್ಟು ಆಚೀಚೆ ಆಗೋದು ಮಾಮೂಲಿ.

ಇನ್ನು ಎರಡನ್ನೂ ಒಂದೇ ಗ್ರಾಫ್‌ಗೆ ತುಂಬಬೇಡಿ. ಒಳಹರಿವು ಸಾವಿರಗಟ್ಟಲೆ ಏರಿಳಿಯುತ್ತೆ, ಕಟ್ಟೆ ಭರ್ತಿಯಾದರೂ ಮಟ್ಟ 124.80 ಅಡಿ ಅಷ್ಟೇ, ಹಾಗಾಗಿ ಅದರ ಗೆರೆ ಪೂರ್ತಿ ಮಟ್ಟಸವಾಗಿ ಕಾಣುತ್ತೆ. ಮೇಲೊಂದು ಕೆಳಗೊಂದು ಸಬ್‌ಪ್ಲಾಟ್ (ಚಿಕ್ಕ ಗ್ರಾಫ್) ಮಾಡಿ, ಎರಡಕ್ಕೂ ದಿನಾಂಕದ ಅಳತೆ ಒಂದೇ ಇರೋ ಹಾಗೆ ಶೇರ್‌ಎಕ್ಸ್ ಟ್ರೂ (sharex=True) ಕೊಡಿ, ಎರಡರಲ್ಲೂ ಸೊನ್ನೆಗೆ ಒಂದು ಅಡ್ಡಗೆರೆ ಎಳೀರಿ.

ಆದರೆ ನೀವು ಕೇಳದೇ ಇರೋ ಒಂದು ಮಾತು, ನನಗೆ ಇದೇ ಮುಖ್ಯ ಅನ್ಸುತ್ತೆ. ಸರಾಸರಿ ಕಳೆದರೆ ಗೆರೆ ಮೇಲೆ ಕೆಳಗೆ ಸರಿಯುತ್ತೆ ಅಷ್ಟೇ, ಆಕಾರ ಬದಲಾಗಲ್ಲ. ಇಡೀ ವರ್ಷದ ಸರಾಸರಿ ಕಳೆದರೆ ಬೇಸಿಗೆಯಲ್ಲಿ ನೀರು ಕಮ್ಮಿ, ಮಳೆಗಾಲದಲ್ಲಿ ಜಾಸ್ತಿ ಅನ್ನೋದೇ ಕಾಣೋದು, ಅದು ಎಲ್ಲರಿಗೂ ಗೊತ್ತು. ವಿ.ಸಿ. ನಾಲೆ ನಂಬಿ ಭತ್ತ ನಾಟಿ ಮಾಡೋ ನಮ್ಮ ಮಂಡ್ಯದ ರೈತರಿಗೆ ಬೇಕಿರೋದು, ಈ ಆಗಸ್ಟ್‌ನಲ್ಲಿ ಎಂದಿನ ಆಗಸ್ಟ್‌ಗಿಂತ ನೀರು ಎಷ್ಟು ಕಮ್ಮಿ ಅಥವಾ ಜಾಸ್ತಿ ಅನ್ನೋದು. ನಿಮ್ಮ ಹತ್ತಿರ ಹಲವು ವರ್ಷದ ಅಂಕಿ ಇದ್ದರೆ, ಪಾಂಡಾಸ್‌ನಲ್ಲಿ ಎಲ್ಲ ವರ್ಷದ ಆಗಸ್ಟ್ ಒಂದು ಗುಂಪು ಅನ್ನೋ ಹಾಗೆ ತಿಂಗಳ ಪ್ರಕಾರ ಗ್ರೂಪ್‌ಬೈ (groupby) ಮಾಡಿ, ಪ್ರತಿ ಸಾಲಿಗೂ ಅದರ ಗುಂಪಿನ ಸರಾಸರಿ ಕೊಡೋ ಟ್ರಾನ್ಸ್‌ಫಾರ್ಮ್‌ಗೆ (transform) ಮೀನ್ ಕೊಟ್ಟು, ಬಂದದ್ದನ್ನು ಮೂಲ ಕಾಲಂನಿಂದ ಕಳೀರಿ. ಆಗ ಸೊನ್ನೆ ಗೆರೆಯ ಕೆಳಗೆ ಇಳಿದ ತಿಂಗಳುಗಳೇ ನಿಜವಾಗಿ ನೀರು ಕೈಕೊಟ್ಟ ತಿಂಗಳುಗಳು.