ಸ್ಪೀಡ್ ಪೂರ್ತಿ ಬರುತ್ತಿದ್ದರೂ ವಿಡಿಯೋ ಕಾಲ್ ಯಾಕೆ ನಿಲ್ಲುತ್ತದೆ?

ಬಳ್ಳಾರಿಯ ನಿಮ್ಮ ಮನೆಯಲ್ಲಿ ಫೈಬರ್ ಇದೆ, ಡೌನ್‌ಲೋಡ್ 50, ಅಪ್‌ಲೋಡ್ 10 ಎಂಬಿಪಿಎಸ್. ಸ್ಪೀಡ್ ಟೆಸ್ಟ್ ಚೆನ್ನಾಗಿಯೇ ಬರುತ್ತದೆ. ಆದರೆ ಯಾರದ್ದಾದರೂ ಫೋನ್ ಫೋಟೋ ಬ್ಯಾಕಪ್ ಶುರು ಮಾಡಿದ ಕೂಡಲೇ ನಿಮ್ಮ ಮೀಟಿಂಗ್ ನಿಂತೇ ಹೋಗುತ್ತದೆ. ದೊಡ್ಡ ಪ್ಲಾನ್ ತಗೊಂಡರೆ ಸರಿ ಹೋಗುತ್ತದಾ ಅಂತ ಕೇಳಿದ್ದೀರಿ.

ಹೋಗಲಿಕ್ಕಿಲ್ಲ. ದುಡ್ಡು ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಲ್ಯಾಪ್‌ಟಾಪನ್ನು ಕೇಬಲ್‌ನಲ್ಲಿ ರೂಟರ್‌ಗೆ ಹಾಕಿ 8.8.8.8ಕ್ಕೆ (ಇದು ಗೂಗಲ್‌ನ ಸರ್ವರ್) ಪಿಂಗ್ ಓಡಲು ಬಿಡಿ, ಸಂದೇಶ ಹೋಗಿ ಬರಲು ಎಷ್ಟು ಹೊತ್ತು ಅಂತ ಅದು ತೋರಿಸುತ್ತದೆ. ಲೈನ್ ಸುಮ್ನೆ ಇದ್ದಾಗ ಎಷ್ಟು ಬರುತ್ತದೆ ನೋಡಿಕೊಂಡು, ಆಮೇಲೆ ಒಂದು ದೊಡ್ಡ ವಿಡಿಯೋ ಅಪ್‌ಲೋಡ್ ಮಾಡಿ. 20-30 ಮಿಲಿಸೆಕೆಂಡ್ ಇದ್ದದ್ದು 400-500ಕ್ಕೆ ಏರಿದರೆ ರೋಗ ಗೊತ್ತಾಯಿತು. ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. ಸುಮಾರು 2010ರಲ್ಲಿ ಕಂಪ್ಯೂಟರ್ ಎಂಜಿನಿಯರ್ ಜಿಮ್ ಗೆಟ್ಟಿಸ್ ಇಟ್ಟ ಹೆಸರು.

ಸುಗ್ಗಿಯಲ್ಲಿ ಗಂಗಾವತಿ ಕಡೆ ರೈಸ್ ಮಿಲ್ ಮುಂದೆ ಭತ್ತದ ಲಾರಿಗಳು ನಿಂತಿರುವುದನ್ನು ನೋಡಿರುತ್ತೀರಿ. ತೂಕದ ಕಾಟಾ ಒಂದೇ ಇದ್ದರೆ ಅಂಗಳ ಎಷ್ಟು ದೊಡ್ಡದು ಮಾಡಿದರೂ ಲಾರಿ ಬೇಗ ಹೊರಗೆ ಬರುವುದಿಲ್ಲ, ಒಳಗೆ ಕಾಯುವ ಲಾರಿ ಜಾಸ್ತಿ ಆಗುತ್ತವೆ ಅಷ್ಟೇ. ನಿಮ್ಮ ರೂಟರ್‌ನ ಬಫರ್, ಅಂದರೆ ಹೊರಗೆ ಹೋಗಬೇಕಾದ ಡೇಟಾ ಕಾಯುವ ಜಾಗ, ಆ ಅಂಗಳ. 10 ಎಂಬಿಪಿಎಸ್ ಲೈನ್ ಮುಂದೆ 1 ಎಂಬಿ ಡೇಟಾ ಸಾಲಿನಲ್ಲಿದ್ದರೆ ಅದು ಖಾಲಿಯಾಗಲು 0.8 ಸೆಕೆಂಡ್ ಬೇಕು. ನಿಮ್ಮ ಮಾತಿನ ಪುಟ್ಟ ಪ್ಯಾಕೆಟ್ (ಡೇಟಾದ ತುಂಡು) ಅದೇ ಸಾಲಿನ ಕೊನೆಯಲ್ಲಿ ನಿಂತಿರುತ್ತದೆ. ಅಪ್‌ಲೋಡ್ ಮಾಡುವ ಟಿಸಿಪಿ (ಡೇಟಾ ಕಳಿಸುವ ವೇಗ ನಿರ್ಧರಿಸುವ ನೆಟ್‌ವರ್ಕ್ ವ್ಯವಸ್ಥೆ) ಸಾಮಾನ್ಯವಾಗಿ ಪ್ಯಾಕೆಟ್ ಕಳೆದುಹೋಗುವ ತನಕ ವೇಗ ಏರಿಸುತ್ತಲೇ ಇರುತ್ತದೆ. ಬಫರ್ ದೊಡ್ಡದಿದ್ದರೆ ಬೇಗ ಯಾವುದೂ ಕಳೆಯುವುದಿಲ್ಲ, ಹಾಗಾಗಿ ನಿಧಾನ ಮಾಡಬೇಕು ಅಂತ ಅದಕ್ಕೆ ತಿಳಿಯುವುದೂ ಇಲ್ಲ.

ಅಂದರೆ ಬೇಕಂತಲೇ ಸ್ವಲ್ಪ ಪ್ಯಾಕೆಟ್ ಬೀಳಿಸಬೇಕು. ವಿಚಿತ್ರ ಅನ್ನಿಸುತ್ತದೆ ಅಲ್ವಾ? 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಬರೆದ ಕೋಡೆಲ್ ಅನ್ನುವ ಸಾಲು ನಿಭಾಯಿಸುವ ವಿಧಾನ ಮಾಡುವುದು ಇದನ್ನೇ. ಸಾಲು ಎಷ್ಟು ಉದ್ದ ಅಂತ ಅದು ನೋಡುವುದಿಲ್ಲ, ಪ್ಯಾಕೆಟ್ ಎಷ್ಟು ಹೊತ್ತು ಕಾದಿದೆ ಅಂತ ನೋಡುತ್ತದೆ. 100 ಮಿಲಿಸೆಕೆಂಡ್ ಪೂರ್ತಿ ಕಾಯುವ ಹೊತ್ತು 5 ಮಿಲಿಸೆಕೆಂಡ್‌ಗಿಂತ ಕೆಳಗೆ ಇಳಿಯದಿದ್ದರೆ ಬೀಳಿಸಲು ಶುರು ಮಾಡುತ್ತದೆ. ಎಫ್‌ಕ್ಯೂ ಕೋಡೆಲ್ ಇನ್ನೂ ಒಂದು ಹೆಜ್ಜೆ ಮುಂದೆ: ಬ್ಯಾಕಪ್‌ಗೆ ಒಂದು ಸಾಲು, ಕಾಲ್‌ಗೆ ಬೇರೆ ಸಾಲು. ಬಹಳಷ್ಟು ರೂಟರ್‌ಗಳೊಳಗೆ ಓಡುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಇದು 2012ರಿಂದ ಇದೆ. ಇದರ ಮುಂದಿನ ತಲೆಮಾರಾದ ಕೇಕ್ 2018ರಲ್ಲಿ ಸೇರಿತು. ಇವತ್ತು ನಾನಾದರೆ ಕೇಕ್ ಹಾಕುತ್ತೇನೆ.

ಆದರೆ ಬರೀ ಆನ್ ಮಾಡಿದರೆ ಏನೂ ಆಗುವುದಿಲ್ಲ, ಸಾಲು ನಿಮ್ಮ ರೂಟರ್‌ನಲ್ಲೇ ಬೆಳೆಯಬೇಕು. ಅದು ಮುಂದಿನ ಮೋಡೆಮ್ ಡಬ್ಬದಲ್ಲಿ ಬೆಳೆದರೆ ನಿಮ್ಮ ಕೇಕ್‌ಗೆ ಕೆಲಸವೇ ಇರುವುದಿಲ್ಲ. ಅದಕ್ಕೇ ಸ್ಪೀಡನ್ನು ಲೈನ್‌ಗಿಂತ ಸ್ವಲ್ಪ ಕಡಿಮೆ ಕಟ್ಟಬೇಕು. ಓಪನ್‌ಡಬ್ಲ್ಯುಆರ್‌ಟಿ (ರೂಟರ್‌ಗೆ ಹಾಕುವ ಉಚಿತ ಸಾಫ್ಟ್‌ವೇರ್) ಹಾಕಿದ ರೂಟರ್‌ನಲ್ಲಿ ಕೇಕ್ ಓಡಿಸುವ ಎಸ್‌ಕ್ಯೂಎಂ ಪ್ಯಾಕೇಜ್ ಸೇರಿಸಿ, ಅಪ್‌ಲೋಡ್ 9000, ಡೌನ್‌ಲೋಡ್ 45000 ಕೆಬಿಪಿಎಸ್ ಬರೆಯಿರಿ. ಮತ್ತೆ ಪಿಂಗ್ ನೋಡಿ, ಏರದಿದ್ದರೆ ನಂಬರ್ ನಿಧಾನಕ್ಕೆ ಹೆಚ್ಚಿಸಿ. ಹಾರ್ಡ್‌ವೇರ್ ಆಫ್‌ಲೋಡಿಂಗ್ (ಪ್ಯಾಕೆಟ್‌ಗಳನ್ನು ರೂಟರ್‌ನ ಚಿಪ್ಪೇ ನೇರವಾಗಿ ದಾಟಿಸುವ ಸೆಟ್ಟಿಂಗ್) ಆಫ್ ಇರಲಿ, ಇಲ್ಲದಿದ್ದರೆ ಪ್ಯಾಕೆಟ್‌ಗಳು ಕೇಕ್ ಕೈಗೆ ಸಿಗುವುದೇ ಇಲ್ಲ.

ಹತ್ತು ಪರ್ಸೆಂಟ್ ಸ್ಪೀಡ್ ಬಿಟ್ಟುಕೊಡುವುದಕ್ಕೆ ಜನ ಹಿಂದೆಮುಂದೆ ನೋಡುತ್ತಾರೆ. ಇಲ್ಲಿನ ಪರಿಚಯದ ಒಂದು ಜೀನ್ಸ್ ಹೊಲಿಗೆ ಯೂನಿಟ್‌ನಲ್ಲಿ ಕ್ಯಾಮೆರಾ ರೆಕಾರ್ಡಿಂಗ್ ದಿನವಿಡೀ ಮೇಲೆ ಹೋಗುತ್ತಿರುತ್ತದೆ. ಮಾಲೀಕರು ಮೊದಲು ಕೇಳಿದ್ದೂ ಅದನ್ನೇ, ಕೊಟ್ಟ ದುಡ್ಡಿನ ಸ್ಪೀಡ್ ಯಾಕೆ ಬಿಡಬೇಕು ಅಂತ. ಗಿರಾಕಿಗೆ ವಿಡಿಯೋ ಕಾಲ್‌ನಲ್ಲಿ ಬಟ್ಟೆ ತೋರಿಸುವಾಗ ಚಿತ್ರ ನಿಲ್ಲದೇ ಇದ್ದದ್ದು ನೋಡಿ ಆ ಮಾತು ಬಿಟ್ಟರು.

4ಜಿ ರೂಟರ್ ಇರುವವರಿಗೆ ಈ ಲೆಕ್ಕ ಅಷ್ಟು ಸಲೀಸಲ್ಲ. ಬೆಳಗ್ಗೆ ಒಂದು ಸ್ಪೀಡ್, ಸಂಜೆ ಒಂದು ಸ್ಪೀಡ್, ಒಂದೇ ನಂಬರ್ ನಿಲ್ಲುವುದಿಲ್ಲ. ಅವರು ಕೇಕ್ ಆಟೋರೇಟ್ ಅನ್ನುವ ಸ್ಕ್ರಿಪ್ಟ್ ಹಾಕಿ ನೋಡಲಿ. ಅದು ಪಿಂಗ್ ನೋಡಿಕೊಂಡು ತಾನೇ ಏರಿಳಿಸುತ್ತದೆ. ನಿಮ್ಮದು ಫೈಬರ್, ಆ ತಲೆನೋವು ಇಲ್ಲ.