ಬಾವಲಿಗಳ ಮರ ಕಡಿದರೆ ವೈರಸ್ಸಿನ ಭಯ ಹೋಗುತ್ತದೆಯೇ?

ಪ್ರಶ್ನೆ: ನಮ್ಮೂರಿನ ಕೆರೆದಂಡೆಯ ಗೋಳಿಮರದಲ್ಲಿ ಅನೇಕ ವರ್ಷಗಳಿಂದ ನೂರಾರು ದೊಡ್ಡ ಬಾವಲಿಗಳು ವಾಸವಾಗಿವೆ. ಕೇರಳದಲ್ಲಿ ನಿಪಾ ಕಾಣಿಸಿಕೊಂಡ ಸುದ್ದಿ ಬಂದಾಗಲೆಲ್ಲ ಮರವನ್ನು ಕಡಿಸಬೇಕು, ಇಲ್ಲವೇ ಪಟಾಕಿ ಹೊಡೆದು ಅವುಗಳನ್ನು ಓಡಿಸಬೇಕು ಎಂಬ ಮಾತು ಗ್ರಾಮಸಭೆಯಲ್ಲಿ ಏಳುತ್ತದೆ. ಕಾಡುಪ್ರಾಣಿಗಳಿಂದ ಮನುಷ್ಯರಿಗೆ ವೈರಸ್ ಬರುವುದು ನಿಜವೇ ಆದರೆ ಅವುಗಳನ್ನು ಊರಿನಿಂದ ದೂರ ಮಾಡುವುದರಲ್ಲಿ ತಪ್ಪೇನು?
(ಸಾಗರ ತಾಲ್ಲೂಕಿನ ಓದುಗರು)

ಉತ್ತರ: ಮರವನ್ನು ಕಡಿಸಬೇಡಿ, ಪಟಾಕಿಯನ್ನೂ ಹೊಡೆಯಬೇಡಿ. ಬಾವಲಿಗಳ ಮೇಲಿನ ಕನಿಕರ ಒಂದು ಕಡೆಗಿರಲಿ, ನಿಮ್ಮ ಊರಿನವರ ಆರೋಗ್ಯದ ದೃಷ್ಟಿಯೊಂದರಿಂದಲೇ ನೋಡಿದರೂ ಅವುಗಳನ್ನು ಚದುರಿಸುವುದು ಇರುವ ಸಣ್ಣ ಅಪಾಯವನ್ನು ದೊಡ್ಡದು ಮಾಡುವ ಕೆಲಸ.

ದೊಡ್ಡ ಹಣ್ಣುಬಾವಲಿಗಳು ನಿಪಾ ವೈರಸ್ಸಿನ ಸಹಜ ಆಶ್ರಯತಾಣ ಎಂಬುದರಲ್ಲಿ ಸಂಶಯವಿಲ್ಲ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡ್ ಜಿಲ್ಲೆಯಲ್ಲಿ ರೋಗ ಕಾಣಿಸಿಕೊಂಡಾಗ ಮೊದಲು ಸಂಶಯ ಬಿದ್ದದ್ದು ಬಾವಿಯೊಂದರಲ್ಲಿದ್ದ ಬಾವಲಿಗಳ ಮೇಲೆ. ಅವು ಕೀಟಗಳನ್ನು ತಿನ್ನುವ ಸಣ್ಣ ಜಾತಿಯವಾಗಿದ್ದು, ಪರೀಕ್ಷಿಸಿದಾಗ ವೈರಸ್ ಸಿಗಲಿಲ್ಲ. ಆನಂತರ ಅದೇ ಪ್ರದೇಶದಲ್ಲಿ ಹಿಡಿದ ಹಣ್ಣುಬಾವಲಿಗಳ ಪೈಕಿ ಕೆಲವುಗಳಲ್ಲಿ ಅದು ಪತ್ತೆಯಾಯಿತು. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಬಾವಲಿಗಳ ರಕ್ತದಲ್ಲಿ ನಿಪಾ ವಿರುದ್ಧದ ಪ್ರತಿಕಾಯಗಳು ಕಂಡುಬಂದಿವೆ, ಅಂದರೆ ಅವು ಎಂದೋ ಒಮ್ಮೆ ಆ ಸೋಂಕನ್ನು ಕಂಡಿವೆ. ಇಷ್ಟನ್ನು ಓದಿ ಗಾಬರಿಯಾಗುವುದು ಸಹಜವೇ. ಆದರೆ ಬಾವಲಿಯ ಮೈಯಲ್ಲಿ ವೈರಸ್ ಇರುವುದು ಬೇರೆ, ಅದು ಜೊಲ್ಲು ಮತ್ತು ಮೂತ್ರದ ಮೂಲಕ ಹೇರಳವಾಗಿ ಹೊರಬರುವುದು ಬೇರೆ. ಹೆಚ್ಚಿನ ಕಾಲ ಬಾವಲಿಯ ರೋಗನಿರೋಧಕ ವ್ಯವಸ್ಥೆ ಇಂಥ ವೈರಸ್ಸುಗಳನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತದೆ. ಹಸಿವು, ನೆಲೆ ತಪ್ಪುವುದು ಮುಂತಾದ ಕಷ್ಟಗಳು ಒದಗಿದಾಗ ಆ ಹಿಡಿತ ಸಡಿಲವಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದಲ್ಲಿ ಒಳ್ಳೆಯ ಆಧಾರವಿದೆ.

ನಿಪಾದ ಹತ್ತಿರದ ಸಂಬಂಧಿಯಾದ ಹೆಂಡ್ರಾ ವೈರಸ್ 1994ರಲ್ಲಿ ಬ್ರಿಸ್ಬೇನ್ ನಗರದ ಹೆಂಡ್ರಾ ಎಂಬ ಬಡಾವಣೆಯ ಕುದುರೆಗಳಲ್ಲಿ ಮೊದಲು ಕಾಣಿಸಿಕೊಂಡು, ಅವುಗಳ ಆರೈಕೆ ಮಾಡುತ್ತಿದ್ದವರಿಗೆ ತಗುಲಿತು. ಅಲ್ಲಿನ ಬಾವಲಿಗಳನ್ನು ದಶಕಗಳ ಕಾಲ ಗಮನಿಸಿದ ವಿಜ್ಞಾನಿಗಳಿಗೆ ಕಂಡದ್ದು ಇದು: ಚಳಿಗಾಲದಲ್ಲಿ ಹೂಬಿಡುವ ಕಾಡು ಕಡಿಮೆಯಾದಂತೆ, ಅದರಲ್ಲೂ ಬರಗಾಲದ ಮರುವರ್ಷಗಳಲ್ಲಿ, ಬಾವಲಿಗಳು ದೊಡ್ಡ ಗುಂಪುಗಳನ್ನು ಒಡೆದುಕೊಂಡು ಸಣ್ಣ ಸಣ್ಣ ತಂಡಗಳಾಗಿ ಊರು, ತೋಟ ಮತ್ತು ಕುದುರೆಗಳ ಹುಲ್ಲುಗಾವಲಿಗೆ ಬಂದು ನೆಲೆಸಿದವು, ಕುದುರೆಗಳಿಗೆ ಸೋಂಕು ತಗುಲಿದ್ದು ಹೆಚ್ಚಾಗಿ ಆಗಲೇ. ಉಳಿದ ಕಾಡು ಚಳಿಗಾಲದಲ್ಲಿ ಚೆನ್ನಾಗಿ ಹೂಬಿಟ್ಟಾಗ ಬಾವಲಿಗಳು ಅತ್ತ ಮರಳಿದವು, ಸೋಂಕು ದಾಟುವುದೂ ನಿಂತಿತು. ನಿಮ್ಮ ಗೋಳಿಮರವನ್ನು ಕಡಿದರೆ ಅಲ್ಲಿನ ಬಾವಲಿಗಳು ಜಿಲ್ಲೆ ಬಿಟ್ಟು ಹೋಗುವುದಿಲ್ಲ. ಒಂದೇ ಕಡೆ ಇದ್ದವು ಹತ್ತಾರು ಕಡೆ ಹಂಚಿಹೋಗಿ ಯಾರದೋ ಮನೆಯಂಗಳದ ಮಾವಿನ ಮರಕ್ಕೆ, ಯಾರದೋ ಕೊಟ್ಟಿಗೆಯ ನೆತ್ತಿಗೆ ಬರುತ್ತವೆ.

ಕೊಂದೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಉಗಾಂಡಾದ ಕಿಟಾಕಾ ಗಣಿಯಲ್ಲಿ 2007ರಲ್ಲಿ ಕಾರ್ಮಿಕರಿಗೆ ಬಾವಲಿಗಳಿಂದ ಮಾರ್ಬರ್ಗ್ ಎಂಬ ಮಾರಕ ವೈರಸ್ ತಗುಲಿದ ಮೇಲೆ, ಅಲ್ಲಿದ್ದ ಬಾವಲಿಗಳ ಭಾರೀ ಸಮೂಹವನ್ನು ನಾಶಮಾಡಲಾಯಿತು. ಕೆಲವು ವರ್ಷಗಳಲ್ಲಿ ಹೊಸ ಬಾವಲಿಗಳು ಬಂದು ಸೇರಿಕೊಂಡವು. ಅವುಗಳನ್ನು ಪರೀಕ್ಷಿಸಿದಾಗ ಸೋಂಕಿತ ಬಾವಲಿಗಳ ಪ್ರಮಾಣ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚಾಗಿತ್ತು, 2012ರಲ್ಲಿ ಸಮೀಪದ ಪಟ್ಟಣದಲ್ಲಿ ರೋಗವೂ ಕಾಣಿಸಿಕೊಂಡಿತ್ತು. ಸೋಂಕನ್ನು ಕಂಡು ಪ್ರತಿರೋಧ ಗಳಿಸಿದ್ದ ಹಳೆಯ ಬಾವಲಿಗಳು ಸತ್ತು, ಅದನ್ನು ಇನ್ನೂ ಕಾಣದ ಹೊಸ ಬಾವಲಿಗಳು ಅವುಗಳ ಜಾಗಕ್ಕೆ ಬಂದದ್ದೇ ಇದಕ್ಕೆ ಕಾರಣವಿರಬೇಕೆಂದು ಸಂಶೋಧಕರು ವಿವರಿಸುತ್ತಾರೆ.

ಆದ್ದರಿಂದ ಗಮನ ಕೊಡಬೇಕಾದದ್ದು ವೈರಸ್ ನಮ್ಮ ತನಕ ಬರುವ ದಾರಿಯ ಕಡೆಗೆ. ಮಲೇಷ್ಯಾದಲ್ಲಿ 1998–99ರಲ್ಲಿ ಹಂದಿ ಸಾಕಣೆಯ ದೊಡ್ಡಿಗಳ ಪಕ್ಕದಲ್ಲೇ ಹಣ್ಣಿನ ಮರಗಳಿದ್ದವು. ಬಾವಲಿ ಕಚ್ಚಿದ ಹಣ್ಣು ದೊಡ್ಡಿಗೆ ಬಿದ್ದು, ಹಂದಿಗಳಿಗೆ ನಿಪಾ ತಗುಲಿ, ಅವುಗಳಿಂದ ಮನುಷ್ಯರಿಗೆ ಹರಡಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಬಾಂಗ್ಲಾದೇಶದಲ್ಲಿ ದಾರಿ ಬೇರೆ: ರಾತ್ರಿ ಬಾವಲಿಗಳು ನೆಕ್ಕಿಹೋದ ಈಚಲಿನ ಹಸಿ ರಸವನ್ನು ಬೆಳಿಗ್ಗೆ ಕಾಯಿಸದೆ ಕುಡಿಯುವುದು. ನಿಮ್ಮಲ್ಲಿ ಆ ಮರದ ಕೆಳಗೆ ದನ ಅಥವಾ ಹಂದಿಗಳನ್ನು ಕಟ್ಟದಿರುವುದು, ಹತ್ತಿರದಲ್ಲಿ ತೆರೆದ ಬಾವಿಯಿದ್ದರೆ ಬಲೆ ಹೊದಿಸುವುದು, ಹಲ್ಲಿನ ಗುರುತಿರುವ ಪೇರಲ, ಮಾವುಗಳನ್ನು ಮಕ್ಕಳು ತಿನ್ನದಂತೆ ನೋಡಿಕೊಳ್ಳುವುದು, ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟದಿರುವುದು ಸಾಕು. ಬಾವಲಿ ಚೀಪಿ ಎಸೆದ ಅಡಿಕೆಯನ್ನು ಆರಿಸುವ ರೂಢಿ ನಮ್ಮಲ್ಲಿದೆ. ಅದನ್ನು ಬಿಡಬೇಕಿಲ್ಲ, ಕೈಗವಸು ಹಾಕಿಕೊಂಡು ಆರಿಸಿ, ಆಮೇಲೆ ಸೋಪಿನಿಂದ ಕೈ ತೊಳೆದುಕೊಳ್ಳಿ.

ಪ್ರಶ್ನೆ: ಕೋವಿಡ್ ಬಂದದ್ದೂ ಬಾವಲಿಯಿಂದಲೇ ಅಲ್ಲವೇ?
(ಮೈಸೂರಿನ ಓದುಗರು)

ಉತ್ತರ: ಆ ವೈರಸ್ಸಿನ ಅತಿ ಹತ್ತಿರದ ಸಂಬಂಧಿಗಳು ಚೀನಾದ ಯುನ್ನಾನ್ ಮತ್ತು ಲಾವೋಸ್ ದೇಶದ ಕುದುರೆಲಾಳ ಬಾವಲಿಗಳಲ್ಲಿ ಸಿಕ್ಕಿವೆ. ಆದರೆ ಅದು ಮನುಷ್ಯರನ್ನು ಯಾವ ದಾರಿಯಲ್ಲಿ ತಲುಪಿತೆಂಬುದು ಇನ್ನೂ ವಿವಾದದಲ್ಲಿದೆ. ನಮ್ಮ ಗೋಳಿಮರದ ಹಣ್ಣುಬಾವಲಿಗಳಿಗೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ತೋಟದ ಅಂಚಿನಲ್ಲಿ ಮಂಗವೊಂದು ಸತ್ತು ಬಿದ್ದಿತ್ತು. ಅದರಿಂದ ಮಂಗನ ಕಾಯಿಲೆ ಗಾಳಿಯಲ್ಲಿ ಹರಡುವುದೇ? ಮಂಗಗಳನ್ನು ಹಿಡಿದು ಬೇರೆ ಕಾಡಿಗೆ ಬಿಡುವುದು ಒಳ್ಳೆಯದಲ್ಲವೇ?
(ತೀರ್ಥಹಳ್ಳಿ ತಾಲ್ಲೂಕಿನ ಓದುಗರು)

ಉತ್ತರ: ಗಾಳಿಯಲ್ಲಿ ಹರಡುವುದಿಲ್ಲ. ರೋಗಿಯಿಂದ ಮನೆಯವರಿಗೂ ಅಂಟುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು, ಸುತ್ತಲಿನ ಹಳ್ಳಿಗರಿಗೂ ಜ್ವರ ಬಂದಾಗ ಇದನ್ನು ಮೊದಲು ಹಳದಿ ಜ್ವರವೆಂದು ಶಂಕಿಸಲಾಗಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರಿಶೀಲಿಸಿದ ಮೇಲೆ ಇದು ಹೊಸ ವೈರಸ್ಸೆಂದೂ ಉಣುಗುಗಳ ಮೂಲಕ ಹರಡುತ್ತದೆಂದೂ ತಿಳಿಯಿತು. ಕಾಯಿಲೆಗೆ ಮಂಗನ ಹೆಸರು ಅಂಟಿಕೊಂಡದ್ದು ಆ ಪ್ರಾಣಿಯ ದುರದೃಷ್ಟ. ಕಾಡಿನ ಇಲಿ, ಮೂಗಿಲಿ ಮತ್ತು ಉಣುಗುಗಳ ನಡುವೆ ಸದ್ದಿಲ್ಲದೆ ಸುತ್ತುತ್ತಿರುವ ವೈರಸ್ ಮಂಗನ ಮೈಸೇರಿದಾಗ ಬಹಳವಾಗಿ ಹೆಚ್ಚುತ್ತದೆ, ಅನೇಕ ವೇಳೆ ಮಂಗವೇ ಅದಕ್ಕೆ ಬಲಿಯಾಗುತ್ತದೆ.

ಅಪಾಯ ಇರುವುದು ಅನಂತರ. ಸತ್ತ ಮಂಗನ ಮೈ ತಣ್ಣಗಾಗುತ್ತಿದ್ದಂತೆ ಅದರ ರಕ್ತ ಕುಡಿಯುತ್ತಿದ್ದ ಉಣುಗುಗಳು ಕೆಳಗಿಳಿದು ಸುತ್ತಲಿನ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ, ಮುಂದೆ ಸೊಪ್ಪು ಸೌದೆಗೆಂದು ಅಲ್ಲಿಗೆ ಹೋದವರನ್ನು ಕಚ್ಚುತ್ತವೆ. ಮನುಷ್ಯರಿಗೆ ರೋಗ ತಗುಲಿಸುವುದು ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ ಕಾಣುವ, ಕಣ್ಣಿಗೆ ಸುಲಭವಾಗಿ ಬೀಳದಷ್ಟು ಚಿಕ್ಕದಾದ ಮರಿ ಉಣುಗುಗಳು. ಮಂಗಗಳನ್ನು ಹಿಡಿದು ಸಾಗಿಸಿದರೆ ಉಣುಗು ಮತ್ತು ವೈರಸ್ ಎರಡೂ ಹೊಸ ಕಾಡಿಗೆ ಹೋಗಬಹುದು. 2012ರಿಂದೀಚೆಗೆ ಈ ಕಾಯಿಲೆ ಬಂಡೀಪುರ, ವಯನಾಡು, ಗೋವಾ ಮತ್ತು ಸಿಂಧುದುರ್ಗದ ಕಡೆಗೂ ಕಾಣಿಸಿಕೊಂಡಿರುವಾಗ ಅಂಥ ಸಾಹಸ ಬೇಡ.

ಸತ್ತ ಮಂಗನನ್ನು ನೀವೇ ಹೂಳಲು ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಅರಣ್ಯ ಇಲಾಖೆಗೆ ಕೂಡಲೇ ತಿಳಿಸಿ. ಅವರು ಪರೀಕ್ಷೆಗೆ ಮಾದರಿ ತೆಗೆದು, ದೇಹವನ್ನು ಸುಟ್ಟು, ಸುತ್ತಲೂ ಮೆಲಾಥಿಯಾನ್ ಪುಡಿ ಹಾಕುತ್ತಾರೆ. ಆ ಜಾಗಕ್ಕೆ ದನಗಳನ್ನು ಬಿಡಬೇಡಿ; ದನಗಳಿಗೆ ಈ ರೋಗ ಬಾರದಿದ್ದರೂ ಬೆಳೆದ ಉಣುಗುಗಳಿಗೆ ಅವುಗಳೇ ಮುಖ್ಯ ಆಹಾರ. ಸೊಪ್ಪಿನಬೆಟ್ಟಕ್ಕೆ ಹೋಗಲೇಬೇಕಾದರೆ ಆರೋಗ್ಯ ಇಲಾಖೆ ಕೊಡುವ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡು, ಮೈತುಂಬ ಬಟ್ಟೆ ತೊಟ್ಟು ಹೋಗಿ, ಮರಳಿದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ. ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಗಿದೆ, ಇದಕ್ಕೆಂದೇ ಇರುವ ಔಷಧಿಯೂ ಇಲ್ಲ. ಆದ್ದರಿಂದ ಮುಂದಿನ ಎರಡು ವಾರಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ತೀವ್ರ ತಲೆನೋವು, ಮೈಕೈ ನೋವು ಕಾಣಿಸಿದರೆ ತಡಮಾಡದೆ ವೈದ್ಯರ ಬಳಿ ಹೋಗಿ, ಮಂಗ ಸತ್ತ ಜಾಗಕ್ಕೆ ಹೋಗಿದ್ದ ವಿಷಯವನ್ನು ಅವರು ಕೇಳುವ ಮೊದಲೇ ಹೇಳಿ.