ಸಂಬಂಧಿತ ಮೇಲ್‌ಗಳು ತಾವಾಗಿಯೇ ಒಂದೆಡೆ ಸೇರಲು

ಪ್ರಶ್ನೆ: ಇಮೇಲ್ ತಂತ್ರಾಂಶ ಥಂಡರ್‌ಬರ್ಡ್‌ನಲ್ಲಿ ಒಂದೇ ವಿಷಯದ ಮೇಲ್‌ಗಳನ್ನು ಪ್ರತಿ ಸಲ ಹುಡುಕುವುದು ತಪ್ಪಬೇಕು. ದಾರಿ ಇದೆಯೇ?

ಉತ್ತರ: ಇದೆ. ಫೈಲ್ ಮೆನುವಿನ 'ನ್ಯೂ' ಅಡಿಯಲ್ಲಿ 'ಸೇವ್ಡ್ ಸರ್ಚ್' ಆರಿಸಿ, ಹೆಸರು ಕೊಡಿ. ಹುಡುಕಬೇಕಾದ ಫೋಲ್ಡರ್‌ಗಳನ್ನು ಗುರುತಿಸುವಾಗ ಕಳಿಸಿದ ಮೇಲ್‌ಗಳಿರುವ 'ಸೆಂಟ್' ಅನ್ನೂ ಸೇರಿಸಿ. ಹೆಚ್ಚಿನವರು ಎಡವುವುದು ಇಲ್ಲೇ, ಅದನ್ನು ಬಿಟ್ಟರೆ ತಾವೇ ಬರೆದ ಉತ್ತರಗಳು ಕಾಣುವುದಿಲ್ಲ. ವಿಷಯದ ಸಾಲಿನಲ್ಲಿ ಇರಬೇಕಾದ ಪದ ಕೊಡಿ. ಎರಡು ಪರ್ಯಾಯ ಪದಗಳಿದ್ದರೆ 'ಆಲ್' ಬದಲು 'ಎನಿ' ಇರಲಿ, ಇಲ್ಲವಾದರೆ ಎರಡೂ ಇರುವ ಮೇಲ್ ಮಾತ್ರ ಬರುತ್ತದೆ. ಹೊಸ ಮೇಲ್ ಬಂದಂತೆ ಪಟ್ಟಿ ತಾನೇ ಬೆಳೆಯುತ್ತದೆ.

ಈ ಸೇವ್ಡ್ ಸರ್ಚ್ ಫೋಲ್ಡರ್‌ನಲ್ಲಿ ಕಾಣುವುದು ಮೇಲ್‌ಗಳ ಪ್ರತಿಯಲ್ಲ, ನೋಟ ಅಷ್ಟೇ. ಈ ಫೋಲ್ಡರ್ ಅಳಿಸಿದರೆ ಮೇಲ್ ಉಳಿಯುತ್ತದೆ. ಒಳಗಿನ ಮೇಲ್ ಅಳಿಸಿದರೆ ಮೂಲವೇ ಹೋಗುತ್ತದೆ, ಜೋಕೆ.

ಒಂದೇ ಮೇಲ್ ಮತ್ತು ಅದರ ಉತ್ತರಗಳ ಸರಣಿ ಸಾಕೆಂದರೆ ಆ ಮೇಲ್ ಆರಿಸಿ ಕಂಟ್ರೋಲ್, ಶಿಫ್ಟ್, ಓ ಒಟ್ಟಿಗೆ ಒತ್ತಿ. ಇದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಗ್ಲೋಬಲ್ ಸರ್ಚ್ (ಎಲ್ಲ ಮೇಲ್‌ಗಳಲ್ಲೂ ಹುಡುಕುವ ಸೌಲಭ್ಯ) ಚಾಲೂ ಇರಬೇಕು.